ನಾಯಿಗೆ ಕೊಳಕು ಮಂಡಲ ಕಚ್ಚಿದೆ, ಉಚ್ಚೆ ನಿಂತಿದೆ. ಬೆಂಗಳೂರಿಗೆ ಒಯ್ಯಬೇಕಾ? ಅನುಭವ ಇದ್ದವರು ಹೇಳಿ

ಕರಿಯನ ಮನೆ, ಮಂಡಗದ್ದೆ

ಎಲ್ಲರಿಗೂ ನಮಸ್ಕಾರ. ಗುರುವಾರ ಸಂಜೆ ಅಡಿಕೆ ತೋಟದಲ್ಲಿ ನಮ್ಮ ಕರಿಯನಿಗೆ ಕೊಳಕು ಮಂಡಲ ಕಚ್ಚಿತು. 6 ವರ್ಷ, ನಾಟಿ ನಾಯಿ, 22 ಕೆಜಿ. ಹಾವನ್ನು ಕಣ್ಣಾರೆ ನೋಡಿದ್ದೇವೆ. ಶಿವಮೊಗ್ಗ ಮುಟ್ಟುವಾಗ ರಾತ್ರಿ 9 ಆಗಿತ್ತು. ಮೊದಲು ಹೋದ ಕಡೆ ಹಾವಿನ ಔಷಧಿ ಇಲ್ಲ ಅಂದರು. ಎರಡನೇ ಕಡೆ ಮುಂಗಡ ಕಟ್ಟುವ ತನಕ ಟೇಬಲ್ ಮೇಲೆ ಮಲಗಿಸಲೂ ಬಿಡಲಿಲ್ಲ. ನನ್ನವರು ಎಟಿಎಂ ಹುಡುಕಿಕೊಂಡು ಹೋಗಿ ಬರುವಷ್ಟರಲ್ಲಿ ಅದರ ಮುಖ ಎರಡು ಪಾಲು ಊದಿತ್ತು. ಒಟ್ಟು 8 ಬಾಟಲಿ ಕೊಟ್ಟರು. ವಿಷಕ್ಕೆ ಹೆಪ್ಪುಗಟ್ಟದೆ ಇದ್ದ ರಕ್ತ ಈಗ ಹೆಪ್ಪುಗಟ್ಟುತ್ತಿದೆ. ಆದರೆ ನಿನ್ನೆಯಿಂದ ಉಚ್ಚೆ ಇಲ್ಲ, ಕಿಡ್ನಿ ಸೋತರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 7.2. ಬೆಂಗಳೂರಿಗೆ ಡಯಾಲಿಸಿಸ್‌ಗೆ ಒಯ್ಯಿರಿ, ಇಲ್ಲ ಇಲ್ಲೇ ಡ್ರಿಪ್ ಹಾಕಿ ನೋಡೋಣ ಅನ್ನುತ್ತಾರೆ. ಇಷ್ಟರಲ್ಲೇ 31,600 ಆಗಿದೆ. ಡಯಾಲಿಸಿಸ್ ಮಾಡಿಸಿದವರು ಇದ್ದೀರಾ? ಎಷ್ಟನೇ ದಿನ ಉಚ್ಚೆ ಬಂತು? ಅತ್ತೆ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ.

ಹಿನ್ನೀರು, ತುಮರಿ

ಅಕ್ಕ, ನಿಮಗೆ ರಸ್ತೆಯಾದರೂ ಇತ್ತು. ನಮ್ಮದು ಕೇಳಿ. 2019ರ ಜುಲೈ, ಜೋರು ಮಳೆ. ನಮ್ಮ ನಾಯಿ ಗೌರಿಗೆ ಮಧ್ಯಾಹ್ನವೇ ಬ್ಯಾನೆ ಶುರುವಾಯಿತು. ಸಂಜೆ ತನಕ ತಿಣುಕಿದರೂ ಒಂದು ಮರಿಯೂ ಬರಲಿಲ್ಲ. ಹಸಿರು ನೀರು ಮಾತ್ರ ಹೋಯಿತು. ಮರಿ ಬರುವ ಮೊದಲೇ ಹಸಿರು ನೀರು ಹೋದರೆ ಒಳಗೆ ಮಾಸು ಬಿಟ್ಟುಕೊಂಡಿದೆ ಅಂತ ಅರ್ಥವಂತೆ, ಒಂದು ನಿಮಿಷವೂ ಕಾಯಬಾರದಂತೆ. ಅದು ಗೊತ್ತಾಗಿದ್ದು ಆಮೇಲೆ. ನಾನು ಕಡವಿಗೆ ಬರುವಾಗ ಶರಾವತಿ ಹಿನ್ನೀರು ದಾಟಿಸುವ ಕೊನೆ ಲಾಂಚ್ ಹೋಗಿ ಆಗಿತ್ತು. ಮನುಷ್ಯರಿಗಾದರೆ ಯಾರನ್ನಾದರೂ ಎಬ್ಬಿಸಿ ಕೇಳಬಹುದಿತ್ತು. ನಾಯಿಗೆ ಅಂತ ಯಾರನ್ನು ಕೇಳಲಿ?

ನಿಟ್ಟೂರು, ನಗರ, ಹೊಸನಗರ ಸುತ್ತಿ ಹೋದೆವು. ಓಮ್ನಿ ಬಾಡಿಗೆ 5,500. ನಗರ ದಾಟಿದ ಮೇಲೆ ಮರ ಬಿದ್ದಿತ್ತು, ಕತ್ತಿಯಲ್ಲಿ ಕೊಂಬೆ ಕಡಿದು ಜಾಗ ಮಾಡಿಕೊಂಡೆವು. ಆಸ್ಪತ್ರೆ ಮುಟ್ಟುವಾಗ 2 ಗಂಟೆ 10 ನಿಮಿಷ. ಬೋರ್ಡಿನಲ್ಲಿ 24 ಗಂಟೆ ಅಂತ ಇತ್ತು, ಗೇಟಿಗೆ ಬೀಗ. ವಾಚ್‌ಮನ್ ಫೋನ್ ಮಾಡಿದರೆ ಡಾಕ್ಟರು 8ಕ್ಕೆ ಬರುತ್ತೇನೆ ಅಂದರಂತೆ. ಆರು ಗಂಟೆ ಅದರ ತಲೆ ನನ್ನ ತೊಡೆ ಮೇಲೆ. ಆಪರೇಷನ್ 9,000, ಔಷಧಿ 2,340. ಐದರಲ್ಲಿ ಎರಡು ಮರಿ ಉಳಿದವು. ಗೌರಿ ಮಧ್ಯಾಹ್ನ ಹೋಯಿತು. 2025ರ ಜುಲೈಯಲ್ಲಿ ಆ ಹಿನ್ನೀರಿಗೆ ಸೇತುವೆ ಆಯಿತಲ್ಲ, ಎಲ್ಲರೂ ಫೋಟೋ ತೆಗೆಸಿಕೊಂಡರು. ನಾನು ಮೊದಲ ಸಲ ದಾಟುವಾಗ ಗಾಡಿ ನಿಲ್ಲಿಸಲಿಲ್ಲ. ನಿಲ್ಲಿಸಲು ಆಗಲಿಲ್ಲ.

ರಾಕಿ ಅಪ್ಪ, ಶಿವಮೊಗ್ಗ

ನಾನು ಒಯ್ದೆ. ನನ್ನ ಲ್ಯಾಬ್ರಡಾರ್ ರಾಕಿಗೆ ಇಲಿ ಜ್ವರ. ಮಳೆಗಾಲದಲ್ಲಿ ನಿಂತ ನೀರು ಕುಡಿದು ಬಂದದ್ದು. ವರ್ಷಕ್ಕೊಂದು ಚುಚ್ಚುಮದ್ದು ಹಾಕಿಸಲೇಬೇಕು, ನಾನು 5 ತಿಂಗಳು ತಡ ಮಾಡಿದ್ದೆ. ಅದು ನನ್ನ ತಪ್ಪು. ಕಣ್ಣು ಅರಿಶಿನದ ಹಾಗೆ ಹಳದಿ, ಕ್ರಿಯಾಟಿನಿನ್ 9.8. ಇಲ್ಲಿ ಒಂದು ಕಡೆ ಇಡೀ ದಿನ ವಾಂತಿಗೆ ಮಾತ್ರ ಇಂಜೆಕ್ಷನ್ ಕೊಟ್ಟು ಕೂರಿಸಿದರು, ರಕ್ತ ಪರೀಕ್ಷೆ ಮಾಡಿ ಅಂತ ನಾನೇ ಜಗಳ ಮಾಡಬೇಕಾಯಿತು. ಆ ರಾತ್ರಿಯೇ ಹೊರಟೆ, 300 ಕಿಲೋಮೀಟರ್, ಹಿಂದಿನ ಸೀಟಲ್ಲಿ ಡ್ರಿಪ್ ಬಾಟಲಿ ಹ್ಯಾಂಗರ್‌ಗೆ ಕಟ್ಟಿಕೊಂಡು.

ಲೆಕ್ಕ ಬರೆದಿಟ್ಟಿದ್ದೇನೆ. ಐಸಿಯು ದಿನಕ್ಕೆ 6,500, ಆರು ದಿನ, 39,000. ಡಯಾಲಿಸಿಸ್ 14,000ದಂತೆ ಮೂರು, 42,000. ಪರೀಕ್ಷೆಗಳು 16,800. ಕಾರು 9,000. ನಾವಿಬ್ಬರು ಉಳಿದ ಲಾಡ್ಜು 7,200. ಒಟ್ಟು 1,14,000. ಹೆಂಡತಿಯ ಬಳೆ ಇಟ್ಟೆ. ರಾಕಿ ಆಮೇಲೆ 14 ತಿಂಗಳು ಬದುಕಿತು. ಒಂದು ರೂಪಾಯಿಗೂ ಬೇಜಾರಿಲ್ಲ. ದುಡ್ಡಿನ ಮುಖ ನೋಡಿ ಮನೆಯಲ್ಲಿ ಕೂತವರು ಆಮೇಲೆ ಅಳಬಾರದು, ಅಷ್ಟೇ.

ಗದ್ದೆ ಬದು, ಹೊಸನಗರ

ರಾಕಿ ಅಪ್ಪ ಅವರೇ, ಆ ಕೊನೆ ಮಾತು ಯಾರಿಗೆ ಹೇಳಿದ್ದು? ನಾನು ಮನೆಯಲ್ಲಿ ಕೂತವನು. ಮತ್ತು ಅತ್ತವನು.

ನಮ್ಮ ಭೀಮ ಯಾರೋ ಕಾಡುಹಂದಿಗೆ ಇಟ್ಟ ಸಿಡಿಮದ್ದು ಕಚ್ಚಿತ್ತು. ಕೆಳದವಡೆ ಇರಲಿಲ್ಲ. ನಾಲಿಗೆ ಜೋತಾಡುತ್ತಿತ್ತು, ಆದರೂ ನನ್ನ ದನಿ ಕೇಳಿ ಬಾಲ ಆಡಿಸಿತು. ಕೈಯಲ್ಲಿ ಇದ್ದದ್ದು 1,800. ಕೊಯ್ಲು ಮುಗಿದಿರಲಿಲ್ಲ, ಸೊಸೈಟಿ ಸಾಲದ ಕಂತು ಬಾಕಿ ಇತ್ತು. ಶಿವಮೊಗ್ಗಕ್ಕೆ ಫೋನ್ ಮಾಡಿದರೆ ದವಡೆಗೆ ತಂತಿ ಹಾಕಲು 25,000 ಮುಂಗಡ, ಬದುಕುವುದು ಖಾತ್ರಿ ಇಲ್ಲ ಅಂದರು. ನಮ್ಮ ಸರ್ಕಾರಿ ಡಾಕ್ಟರು ಮೂರು ಊರಿನ ಚಾರ್ಜ್ ಇಟ್ಟುಕೊಂಡವರು. ಹಗಲಿಡೀ ದನಗಳ ಕೆಲಸ ಮುಗಿಸಿ ರಾತ್ರಿ 9ಕ್ಕೆ ಬೈಕಿನಲ್ಲಿ ಬಂದರು. ಟಾರ್ಚ್ ಬೆಳಕಲ್ಲಿ ನೋಡಿ, 'ಇದಕ್ಕೆ ನೋವು ಬೇಡ' ಅಂದರು. ಮೊದಲು ನಿದ್ದೆಯ ಇಂಜೆಕ್ಷನ್, ಆಮೇಲೆ ಕೊನೆಯದು. ಪೆಟ್ರೋಲಿಗೆ 200 ಕೊಟ್ಟರೆ ಮುಟ್ಟಲಿಲ್ಲ. ಹಲಸಿನ ಮರದ ಬುಡದಲ್ಲಿದೆ ಭೀಮ. ನನ್ನ ಪ್ರೀತಿಯನ್ನು ನಿಮ್ಮ ಬಿಲ್ಲಿನಲ್ಲಿ ತೂಗಬೇಡಿ.

ಕಾಫಿ ಕಣ, ಕೊಪ್ಪ

ಸರ್ಕಾರಿ ಡಾಕ್ಟರನ್ನು ಹೊಗಳುವುದು ಜಾಸ್ತಿಯಾಯಿತು. ಎಲ್ಲರಿಗೂ ನಿಮ್ಮ ಡಾಕ್ಟರಂಥವರು ಸಿಗುವುದಿಲ್ಲ. 2018ರಲ್ಲಿ ನಮ್ಮ ತೋಟದ ನಾಯಿ ಊಟ ಬಿಟ್ಟಿತು. ಬಾಯಿ ಮುಚ್ಚಲು ಆಗುತ್ತಿರಲಿಲ್ಲ, ಜೊಲ್ಲು ಸುರಿಯುತ್ತಿತ್ತು. ಗಂಟಲಲ್ಲಿ ಮೂಳೆ ಸಿಕ್ಕಿದೆ ಅಂತ ನಾನೇ ಕೈ ಹಾಕಿ ಹುಡುಕಿದೆ. ಆಸ್ಪತ್ರೆಗೆ ಒಯ್ದರೆ ಅಲ್ಲಿದ್ದವರು ಟಾರ್ಚ್ ಬಿಟ್ಟು ನೋಡಿ, ಮೂಳೆ ಒಳಗೆ ಇಳಿದಿದೆ, ಗಾಯ ಉಳಿದಿದೆ ಅಂದರು. ಇಂಜೆಕ್ಷನ್, 350 ರೂಪಾಯಿ, ಮನೆಗೆ. ನಾಲ್ಕನೇ ದಿನ ಸತ್ತಿತು. ಪರಿಚಯದ ಇನ್ನೊಬ್ಬ ಡಾಕ್ಟರು ಕೇಳಿ ಗಾಬರಿಯಾಗಿ ಮೆದುಳಿನ ಪರೀಕ್ಷೆ ಮಾಡಿಸಿದರು. ರೇಬೀಸ್. ಕಚ್ಚಲು ಓಡಿಬರುವ ಹುಚ್ಚಲ್ಲ, ದವಡೆ ಸೋತು ಸುಮ್ಮನೆ ಕೂರುವ ಹುಚ್ಚು.

ಮನೆಯಲ್ಲಿ ಆರು ಜನ ಅದನ್ನು ಮುಟ್ಟಿದ್ದೆವು. ಎಲ್ಲರಿಗೂ ಐದೈದು ಚುಚ್ಚುಮದ್ದು, ಮೊದಲ ದಿನ, ಆಮೇಲೆ 3, 7, 14, 28. ನನ್ನ ಬೆರಳಲ್ಲಿ ಗೀರು ಇದ್ದದ್ದಕ್ಕೆ ಅಲ್ಲೇ ಸುತ್ತ ಸೀರಮ್ ಬೇರೆ ಚುಚ್ಚಿದರು. 81 ವರ್ಷದ ನಮ್ಮ ಅಮ್ಮನನ್ನು ಐದು ಸಲ ಜೀಪಿನಲ್ಲಿ ಇಳಿಸಿ ಹತ್ತಿಸಿದೆ. ಮಗಳು ರಾತ್ರಿ ಎದ್ದು ನೀರು ಕುಡಿದು ನೋಡುತ್ತಿದ್ದಳು, ಗಂಟಲಲ್ಲಿ ಇಳಿಯುತ್ತದೋ ಇಲ್ಲವೋ ಅಂತ. ಆ 350 ರೂಪಾಯಿಯ ಚೀಟಿ ಇನ್ನೂ ಇಟ್ಟಿದ್ದೇನೆ.

ಗದ್ದೆ ಬದು, ಹೊಸನಗರ

ಕೊಪ್ಪದವರೇ, ನಿಮಗಾದದ್ದು ಕೇಳಿ ಸಂಕಟವಾಯಿತು. ಆದರೆ ಆ ನಾಯಿಗೆ ರೇಬೀಸ್ ಲಸಿಕೆ ಹಾಕಿಸಿದ್ದಿರಾ?

ಕಾಫಿ ಕಣ, ಕೊಪ್ಪ

ಇಲ್ಲ. ತೋಟದ ನಾಯಿ ಅಂತ ಬಿಟ್ಟಿದ್ದೆವು. ಅದಕ್ಕೆ ಟಾರ್ಚ್ ಬಿಟ್ಟು ನೋಡಿದವರ ತಪ್ಪು ಸರಿಯಾಗುತ್ತದಾ?

ಬೆಕ್ಕಿನ ಮನೆ, ತೀರ್ಥಹಳ್ಳಿ

ನಾಯಿಗಳ ನಡುವೆ ಬೆಕ್ಕಿನದ್ದು ಹೇಳುತ್ತೇನೆ. ನಮ್ಮ ಗಂಡು ಬೆಕ್ಕು ಪುಟ್ಟಣ್ಣ ಮರಳಿನ ಟ್ರೇಯಲ್ಲಿ ಕೂತು ಕೂತು ತಿಣುಕುತ್ತಿತ್ತು. ಕಕ್ಕ ಕಟ್ಟಿದೆ ಅಂದುಕೊಂಡು ಹರಳೆಣ್ಣೆ ಕುಡಿಸಿದೆ, ಒಂದು ದಿನ ಹಾಳು ಮಾಡಿದೆ. ಕಟ್ಟಿದ್ದು ಉಚ್ಚೆ. ಗಂಡು ಬೆಕ್ಕಿನ ನಾಳ ಸಣ್ಣ, ಹರಳಿನ ಪುಡಿ ಕೂತರೆ ಒಂದೆರಡು ದಿನದಲ್ಲಿ ಜೀವ ಹೋಗುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯವೇ ನಿಲ್ಲುತ್ತದೆ. ರಾತ್ರಿ 11ಕ್ಕೆ ಒಯ್ದರೆ ಡ್ಯೂಟಿಯಲ್ಲಿದ್ದ ಹುಡುಗ 'ಬೆಕ್ಕಿಗೆ ಕೈ ಹಾಕುವ ಡಾಕ್ಟರು ಬೆಳಿಗ್ಗೆ ಬರ್ತಾರೆ' ಅಂದ. ನಾನು ಬಾಗಿಲಲ್ಲೇ ಕೂತೆ, ಬುಟ್ಟಿ ಮಡಿಲಲ್ಲಿ ಇಟ್ಟುಕೊಂಡು. ಒಂದು ಗಂಟೆ ಕೂತ ಮೇಲೆ ಫೋನ್ ಮಾಡಿ ಕರೆಸಿದರು. ಅರಿವಳಿಕೆ ಕೊಟ್ಟು ನಳಿಕೆ ಹಾಕಿದರು, 7,400. ಪುಟ್ಟಣ್ಣ ಈಗ ನನ್ನ ಕಾಲ ಹತ್ತಿರ ಮಲಗಿದ್ದಾನೆ. ಮಂಡಗದ್ದೆ ಅಕ್ಕ, ಅಲ್ಲಿಂದ ಏಳಬೇಡಿ. ಕೂತವರಿಗೇ ಡಾಕ್ಟರು ಬರುವುದು.

ಹಳೇ ಮನೆ, ರಿಪ್ಪನ್‌ಪೇಟೆ

ಇಷ್ಟೆಲ್ಲ ಖರ್ಚು ಯಾಕೆ? ನಮ್ಮ ಕಡೆ ಹಾವು ಕಚ್ಚಿದರೆ ಬೇರು ಅರೆದು ಕೊಡುವವರು ಇದ್ದಾರೆ. ನಮ್ಮ ನಾಯಿಗೆ ಎರಡು ಸಲ ಕಚ್ಚಿದೆ, ಎರಡು ಸಲವೂ ಬದುಕಿದೆ. ನೋವಿಗೆ ಅರ್ಧ ಪ್ಯಾರಾಸಿಟಮಾಲ್ ಕೊಟ್ಟಿದ್ದೆವು. ನಾಯಿಗೂ ಬೆಕ್ಕಿಗೂ ಅದೇ ಸಾಕು.

ಬೆಕ್ಕಿನ ಮನೆ, ತೀರ್ಥಹಳ್ಳಿ

ದಯವಿಟ್ಟು ಆ ಮಾತು ಅಳಿಸಿ! ಅರ್ಧ ಮಾತ್ರೆ ಪ್ಯಾರಾಸಿಟಮಾಲ್ ಬೆಕ್ಕನ್ನು ಕೊಲ್ಲುತ್ತದೆ. ಅದರ ಮೈಗೆ ಆ ಮಾತ್ರೆಯನ್ನು ಕರಗಿಸಿ ಹೊರಗೆ ಹಾಕಲು ಬರುವುದಿಲ್ಲ. ಪಕ್ಕದ ಮನೆಯ ಬೆಕ್ಕು ಹಾಗೇ ಹೋದದ್ದು, ಒಸಡು ಕಂದು ಬಣ್ಣಕ್ಕೆ ತಿರುಗಿ, ಉಸಿರು ಸಿಗದೆ. ಗೊತ್ತಿಲ್ಲದಿದ್ದರೆ ಸುಮ್ನೆ ಇರಿ.

ಹಳೇ ಮನೆ, ರಿಪ್ಪನ್‌ಪೇಟೆ

ನಾನು 40 ವರ್ಷದಿಂದ ಪ್ರಾಣಿ ಸಾಕಿದವನು ಮೇಡಂ. ನಿನ್ನೆ ಮೊನ್ನೆ ಬೆಕ್ಕು ತಂದವರಿಂದ ಕಲಿಯಬೇಕಾಗಿಲ್ಲ.

ಸೊರಬದ ಅಕ್ಕ

ಹಿರಿಯರೇ, ನಿಮ್ಮ ನಾಯಿ ಬದುಕಿದ್ದು ಒಳ್ಳೆಯದೇ ಆಯಿತು. ಆದರೆ ಹಾವು ಕಚ್ಚಿದಾಗೆಲ್ಲ ವಿಷ ಬಿಡುವುದಿಲ್ಲ. ಬರೀ ಹಲ್ಲು ಊರಿದ್ದರೆ ಬೇರು ಕೊಟ್ಟರೂ ಬದುಕುತ್ತದೆ, ಕೊಡದಿದ್ದರೂ ಬದುಕುತ್ತದೆ. ನನ್ನ ಚಿನ್ನಿಗೆ ಹಾಗಾಗಲಿಲ್ಲ. ಮೊದಲು ಬೇರಿನವರ ಹತ್ತಿರವೇ ಒಯ್ದೆವು, ಮೂರು ಗಂಟೆ ಅಲ್ಲೇ ಹೋಯಿತು. ಆಮೇಲೆ ಆಸ್ಪತ್ರೆಯಲ್ಲಿ ಗಾಜಿನ ಕೊಳವೆಯಲ್ಲಿ ರಕ್ತ ಹಿಡಿದು ಇಟ್ಟರು. 20 ನಿಮಿಷ ಬಿಟ್ಟು ಬಗ್ಗಿಸಿದರೆ ನೀರಿನ ಹಾಗೆ ಹರಿಯಿತು. ಮೂಗಲ್ಲಿ, ಒಸಡಲ್ಲಿ ರಕ್ತ. ಔಷಧಿ ಎರಡು ಬಾಟಲಿ ಮಾತ್ರ ಇತ್ತು. ಉಳಿದದ್ದನ್ನು ಹುಡುಕಿ ನನ್ನ ತಮ್ಮ ಐದು ಮೆಡಿಕಲ್ ಶಾಪ್ ಅಲೆದ. ಮನುಷ್ಯರಿಗೆ ಕೊಡುವುದೂ ಅದೇ ಬಾಟಲಿ. ನಾಯಿಗೆ ಅಂದ ಕೂಡಲೇ ಒಬ್ಬರು ಶಟರ್ ಎಳೆದರು. ಚಿನ್ನಿ ಮರುದಿನ ಬೆಳಿಗ್ಗೆ ಹೋಯಿತು. ಆ ಮೂರು ಗಂಟೆ ನನ್ನ ಎದೆ ಮೇಲೆ ಇದೆ.

ಇನ್ನೊಂದು ಮಾತು. ಆ ಔಷಧಿ ನಾಗರ, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೆ ಮಾತ್ರ. ಆಗುಂಬೆ ಕಡೆಯ ಕಾಳಿಂಗಕ್ಕೆ, ಮರದ ಮೇಲಿನ ಗುಳಿಮಂಡಲಕ್ಕೆ ಅದು ಆಗುವುದಿಲ್ಲ. ಮಂಡಗದ್ದೆಯವರು ಹಾವು ನೋಡಿದ್ದು ದೊಡ್ಡ ಉಪಕಾರ.

ರಾಕಿ ಅಪ್ಪ, ಶಿವಮೊಗ್ಗ

ಹೊಸನಗರದವರಿಗೆ: ನಾನು ನಿಮ್ಮ ಬಗ್ಗೆ ಹೇಳಿದ್ದಲ್ಲ. ಆದರೆ ನಾನು ಬಳೆ ಇಟ್ಟದ್ದನ್ನೇ ತಪ್ಪು ಅನ್ನುವ ಹಾಗೆ ಬರೆದಿರಲ್ಲ, ಅದು ನೋಯಿಸಿತು. ಮನೆಯಲ್ಲಿ ಅಣ್ಣ ಇವತ್ತಿಗೂ ಆಡಿಕೊಳ್ಳುತ್ತಾನೆ, ನಾಯಿಗೆ ಲಕ್ಷ ಸುರಿದವನು ಅಂತ.

ಗದ್ದೆ ಬದು, ಹೊಸನಗರ

ತಪ್ಪು ಅಂದಿಲ್ಲ. ಇದ್ದಿದ್ದರೆ ನಾನೂ ಇಡುತ್ತಿದ್ದೆ. ನಮ್ಮ ಮನೆಯಲ್ಲಿ ಬಳೆ ಇರಲಿಲ್ಲ.

ಕಾಫಿ ಕಣ, ಕೊಪ್ಪ

ಸಿಡಿಮದ್ದು ಇಟ್ಟವರ ಮೇಲೆ ದೂರು ಕೊಟ್ಟಿರಾ? ಯಾರೂ ಕೊಡುವುದಿಲ್ಲ, ಊರಿನವರು ಅಂತ. ಅದಕ್ಕೇ ಮತ್ತೆ ಇಡುತ್ತಾರೆ.

ಹಿನ್ನೀರು, ತುಮರಿ

ನೀವು ಹಂದಿ ಕಾಟ ನೋಡಿಲ್ಲ ಅನ್ನಿಸುತ್ತದೆ. ಒಂದೇ ರಾತ್ರಿಗೆ ಅರ್ಧ ಎಕರೆ ಗದ್ದೆ ಉತ್ತು ಹೋಗುತ್ತವೆ. ಮದ್ದು ಇಡುವುದು ತಪ್ಪೇ, ಆದರೆ ಕಾಫಿ ತೋಟದಲ್ಲಿ ಕೂತು ಗದ್ದೆಯವರಿಗೆ ಬುದ್ಧಿ ಹೇಳಬೇಡಿ.

ಕರಿಯನ ಮನೆ, ಮಂಡಗದ್ದೆ

ನಿಮ್ಮೆಲ್ಲರ ಮಾತು ಓದಿ ಇಲ್ಲಿ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಆದರೆ ನಾನು ಕೇಳಿದ್ದಕ್ಕೆ ಯಾರೂ ಹೇಳಲಿಲ್ಲ. ರಾಕಿ ಅಪ್ಪ ಅವರೇ, ಎಷ್ಟನೇ ದಿನ ಉಚ್ಚೆ ಬಂತು? ಇಲ್ಲಿ ಡ್ರಿಪ್ ಹಾಕುತ್ತಲೇ ಇದ್ದಾರೆ. ಕರಿಯ ಸ್ವಲ್ಪ ಬಾತುಕೊಂಡ ಹಾಗಿದೆ.

ರಾಕಿ ಅಪ್ಪ, ಶಿವಮೊಗ್ಗ

ಕ್ಷಮಿಸಿ ಅಕ್ಕ. ನಾಲ್ಕನೇ ದಿನ ರಾತ್ರಿ. ಎರಡನೇ ಡಯಾಲಿಸಿಸ್ ಆದ ಮೇಲೆ. ಹಾಸಿಗೆ ಒದ್ದೆಯಾದದ್ದು ನೋಡಿ ನಾನೂ ನನ್ನ ಹೆಂಡತಿಯೂ ಕೈ ಮುಗಿದೆವು.

ಸೊರಬದ ಅಕ್ಕ

ಬಾತುಕೊಂಡಿದೆ ಅಂದರೆ ಈಗಲೇ ಡಾಕ್ಟರನ್ನು ಕರೆದು ತೋರಿಸಿ. ಉಚ್ಚೆ ಹೋಗದೆ ಡ್ರಿಪ್ ಮಾತ್ರ ಹೋದರೆ ನೀರು ಶ್ವಾಸಕೋಶದಲ್ಲಿ ತುಂಬುತ್ತದೆ. ಉಸಿರು ಎಣಿಸಿ, ಮಲಗಿದ್ದಾಗ ನಿಮಿಷಕ್ಕೆ 40 ದಾಟಿದರೆ ಬಿಡಬೇಡಿ. ಒಣ ಬಟ್ಟೆಯನ್ನು ಮೊದಲೇ ತೂಕ ಮಾಡಿ ಕೆಳಗೆ ಹಾಸಿ, ಒದ್ದೆಯಾದ ಮೇಲೆ ಮತ್ತೆ ತೂಗಿ. ಜಾಸ್ತಿಯಾದ ಒಂದೊಂದು ಗ್ರಾಂ ಒಂದೊಂದು ಮಿಲಿ ಉಚ್ಚೆ. 22 ಕೆಜಿ ನಾಯಿಗೆ ಗಂಟೆಗೆ ಕಡಿಮೆ ಅಂದರೂ 22 ಮಿಲಿ ಬರಬೇಕು.

ಹಳೇ ಮನೆ, ರಿಪ್ಪನ್‌ಪೇಟೆ

ಪ್ಯಾರಾಸಿಟಮಾಲ್ ಮಾತು ಅಳಿಸಲು ಬರುತ್ತಿಲ್ಲ. ಮೊಮ್ಮಗ ಬೆಳಿಗ್ಗೆ ಅಳಿಸಿ ಕೊಡುತ್ತಾನೆ. ಬೇರಿನ ಮಾತು ಹಾಗೇ ಇರಲಿ.

ಕರಿಯನ ಮನೆ, ಮಂಡಗದ್ದೆ

ರಾತ್ರಿ ಡಾಕ್ಟರನ್ನು ಎಬ್ಬಿಸಿದೆ. ಬೈದುಕೊಂಡೇ ಬಂದರು, ಆದರೆ ಡ್ರಿಪ್ ನಿಲ್ಲಿಸಿ ಉಚ್ಚೆ ಬರಿಸುವ ಇಂಜೆಕ್ಷನ್ ಕೊಟ್ಟರು. ಬೆಳಿಗ್ಗೆ 4 ಗಂಟೆ 20 ನಿಮಿಷಕ್ಕೆ ಬಟ್ಟೆ ಒದ್ದೆಯಾಗಿತ್ತು. ಕೆಂಪಗೆ ಕಾಫಿ ಡಿಕಾಕ್ಷನ್ ಹಾಗೆ. ಎದುರಿನ ತರಕಾರಿ ಅಂಗಡಿಯವರು ಬಾಗಿಲು ತೆಗೆಯುವ ತನಕ ಕಾದು ತಕ್ಕಡಿಯಲ್ಲಿ ತೂಗಿಸಿದೆವು. ಒಣಗಿದ್ದಾಗ 210 ಗ್ರಾಂ, ಈಗ 300. 10 ಗಂಟೆಗೆ ಮತ್ತೆ ರಕ್ತ ತೆಗೆಯುತ್ತಾರೆ. ಬೆಂಗಳೂರಿನ ಗಾಡಿಯವರಿಗೆ 11ರ ತನಕ ಕಾಯಲು ಹೇಳಿದ್ದೇವೆ.