ಟೆಕ್ಸಸ್ ಹೈಸ್ಕೂಲ್ ಫುಟ್‌ಬಾಲ್: ಮುಂದಿನ ಋತುವಿಗೆ ಸಿದ್ಧತೆ ಹೇಗೆ?

ಪ್ರಶ್ನೆ: ಡಲ್ಲಾಸ್ ಸಮೀಪ ವಾಸಿಸುವ ನಮ್ಮ ಮಗ ಬರುವ ಋತುವಿನಲ್ಲಿ ಶಾಲೆಯ ಅಮೆರಿಕನ್ ಫುಟ್‌ಬಾಲ್ ತಂಡ ಸೇರಬೇಕೆಂದಿದ್ದಾನೆ. ಕ್ರಿಕೆಟ್ ಬಿಟ್ಟರೆ ಬೇರೆ ಆಟ ತಿಳಿಯದ ನಾವು ಬೇಸಿಗೆಯಲ್ಲಿ ಯಾವುದಕ್ಕೆ ಗಮನ ಕೊಡಬೇಕು?

ಉತ್ತರ 1: ಮೊದಲು ವೈದ್ಯಕೀಯ ತಪಾಸಣೆಯ ಪತ್ರವನ್ನು ಸಿದ್ಧಪಡಿಸಿಕೊಳ್ಳಿ. ಅಭ್ಯಾಸ ಆರಂಭವಾಗುವುದು ಆಗಸ್ಟ್‌ನ ಉರಿಬಿಸಿಲಿನಲ್ಲಿ. ಆದ್ದರಿಂದಲೇ ದೇಹವು ಸೆಕೆಗೆ ಒಗ್ಗಿಕೊಳ್ಳಲೆಂದು ಮೊದಲ ದಿನಗಳಲ್ಲಿ ಹೆಲ್ಮೆಟ್ ಮಾತ್ರ ಧರಿಸಿ, ಭುಜದ ಕವಚಗಳನ್ನು ಆನಂತರ ತೊಡುವ ನಿಯಮವಿದೆ. ಹುಡುಗ ಜೂನ್‌ನಿಂದಲೇ ಹೊರಗೆ ಓಡಲಿ, ಹವಾನಿಯಂತ್ರಿತ ಜಿಮ್ ಒಂದೇ ಸಾಲದು.

ಉತ್ತರ 2: ಪೆಟ್ಟಿನ ಭಯ ಸಹಜವೇ. ಋತು ಆರಂಭವಾದ ಬಳಿಕ ಒಬ್ಬ ಆಟಗಾರನಿಗೆ ವಾರದಲ್ಲಿ 90 ನಿಮಿಷಗಳಿಗಿಂತ ಹೆಚ್ಚು ಪೂರ್ಣ ಸಂಪರ್ಕದ (ಒಬ್ಬರನ್ನೊಬ್ಬರು ಜೋರಾಗಿ ಢೀ ಹೊಡೆದು ಕೆಡವುವ) ಅಭ್ಯಾಸ ಮಾಡಿಸುವಂತಿಲ್ಲ. ಓದಿನ ವಿಷಯದಲ್ಲಿಯೂ, 1984ರ ಕಾನೂನಿನಂತೆ, 70ಕ್ಕಿಂತ ಕಡಿಮೆ ಅಂಕ ಬಂದವರನ್ನು ಪಂದ್ಯದಿಂದ ಹೊರಗಿಡಲಾಗುತ್ತದೆ. (ನಮ್ಮ ಮನೆಯಲ್ಲಿ ಗಣಿತದ ಪುಸ್ತಕ ತೆರೆಸಿದ್ದು ನನ್ನ ಬೈಗುಳವಲ್ಲ, ಈ ನಿಯಮ!)

ಉತ್ತರ 3: ಎದುರಾಳಿಗಳ ಬಗ್ಗೆ ಈಗಲೇ ಲೆಕ್ಕ ಹಾಕುವವರು ಗಮನಿಸಬೇಕಾದದ್ದು: ವಿದ್ಯಾರ್ಥಿಗಳ ಸಂಖ್ಯೆಯನ್ನು ಆಧರಿಸಿ ಶಾಲೆಗಳನ್ನು 1ಎಯಿಂದ 6ಎವರೆಗೆ ಎರಡು ವರ್ಷಕ್ಕೊಮ್ಮೆ ಮರುವಿಂಗಡಿಸುತ್ತಾರೆ, ಆಗ ಎದುರಾಳಿಗಳೂ ಬದಲಾಗಬಹುದು. ಅತಿ ಚಿಕ್ಕ 1ಎ ಶಾಲೆಗಳಲ್ಲಿ ತಂಡಕ್ಕೆ ಹನ್ನೊಂದಲ್ಲ, ಆರೇ ಆಟಗಾರರು. ಪಂದ್ಯಗಳು ಹೆಚ್ಚಾಗಿ ನಡೆಯುವ ಶುಕ್ರವಾರದ ಸಂಜೆಗಳನ್ನು ಮಾತ್ರ ಈಗಿನಿಂದಲೇ ಕಾದಿರಿಸಿಕೊಳ್ಳಿ.