ಎರಡೂವರೆ ಲಕ್ಷದಲ್ಲಿ ಸ್ವಂತ ಡಿಜೆ ಸೆಟ್, ಬಾಸ್ ತಗೊಳ್ಳೋದಾ ಬೇಡ್ವಾ? (ದಾವಣಗೆರೆ)

ಬೆಣ್ಣೆನಗ್ರಿ_ಬೀಟ್ಸ್:
ಎಲ್ಲರಿಗೂ ನಮಸ್ಕಾರ. ನಂದು ದಾವಣಗೆರೆ, ಹದಡಿ ರೋಡ್ ಕಡೆ. ಕೆಲವು ವರ್ಷದಿಂದ ಬೇರೆಯವರ ಸೆಟ್‌ಗೆ ಆಪರೇಟರ್ ಆಗಿ ಹೋಗ್ತಿದೀನಿ. ಪಯೋನಿಯರ್ ಡಿಡಿಜೆ ಎಫ್‌ಎಲ್‌ಎಕ್ಸ್4 ಕಂಟ್ರೋಲರ್ (ಹಾಡು ಮಿಕ್ಸ್ ಮಾಡೋ ಯಂತ್ರ) ಮತ್ತೆ ಲ್ಯಾಪ್‌ಟಾಪ್ ನಂದೇ, ಸೌಂಡು ಲೈಟು ಗಾಡಿ ಎಲ್ಲ ಓನರ್‌ದು. ಈಗ ಸ್ವಂತಕ್ಕೆ ಮಾಡೋಣ ಅಂತ. ಅಪ್ಪ ಮೆಕ್ಕೆಜೋಳ ಮಾರಿದ ದುಡ್ಡು, ನಾನು ಕೂಡಿಟ್ಟಿದ್ದು ಎಲ್ಲ ಸೇರಿ ಎರಡೂವರೆ ಲಕ್ಷದವರೆಗೂ ಹಾಕ್ಬಹುದು. ಫ್ರೆಂಡ್ಸ್ ಹೇಳೋದೇನಂದ್ರೆ 18 ಇಂಚಿನ ಡಬಲ್ ಬಾಸ್ (ಎರಡೆರಡು ಸ್ಪೀಕರ್ ಇರೋ ದೊಡ್ಡ ಬಾಸ್ ಪೆಟ್ಟಿಗೆ) ಸೆಕೆಂಡ್ ಹ್ಯಾಂಡ್ ನಾಲ್ಕು ಎತ್ತಿಬಿಡು, ಗಣಪತಿ ಸೀಸನ್ ಒಂದ್ರಲ್ಲೇ ಹಾಕಿದ್ದು ವಾಪಸ್ ಬರುತ್ತೆ ಅಂತ. ಓನರ್ ಕಡೆಯವರೊಬ್ರು ಬಾಸ್ ಬೇಡ, ಎರಡು ಪವರ್ಡ್ ಟಾಪ್ (ಆಂಪು ಒಳಗೇ ಇರೋ ಮೇನ್ ಸ್ಪೀಕರ್) ತಗೊಂಡು ಮದ್ವೆ ಹಳದಿ ಬರ್ತ್‌ಡೇ ಮಾಡ್ಕೊಂಡಿರು ಅಂತಾರೆ. ತಲೆ ಕೆಟ್ಟೋಗಿದೆ. ದಾವಣಗೆರೆ ಚಿತ್ರದುರ್ಗ ಕಡೆ ಫೀಲ್ಡಲ್ಲಿ ಇರೋರು ದಯವಿಟ್ಟು ಹೇಳಿ. ರೇಟ್ ಹೆಂಗೆ ಮಾತಾಡೋದು ಅನ್ನೋದೂ ಸ್ವಲ್ಪ ತಿಳಿಸಿ, ಇಷ್ಟು ದಿನ ಅದನ್ನೆಲ್ಲ ಓನರೇ ನೋಡ್ಕೊಳ್ತಿದ್ರು.

ದುರ್ಗದ_ಸೌಂಡು:
ತಮ್ಮಾ, ಬಾಸ್ ಬೇಡ. ನಾನೂ ಸೌಂಡ್ಸ್ ಇಟ್ಕೊಂಡಿರೋನೇ, ಬಾಸ್ ಮೇಲೆ ಕೋಪ ಏನಿಲ್ಲ, ಆದ್ರೆ ಎರಡೂವರೆ ಲಕ್ಷ ಇಟ್ಕೊಂಡು ಶುರು ಮಾಡೋನಿಗೆ ಅದಲ್ಲ ದಾರಿ.

ಮೊದಲು ಗಣಪತಿ ಸೀಸನ್ ವಿಷ್ಯ ನೋಡು. ಹಬ್ಬ ಹತ್ರ ಬಂತು ಅಂದ್ರೆ ಡಿಸಿ ಆಫೀಸಿಂದ ಡಿಜೆ ಬಂದ್ ಅಂತ ಆದೇಶ ಬರೋದು ಈಗ ಎರಡೂ ಜಿಲ್ಲೇಲಿ ಹೊಸದೇನಲ್ಲ. ಇಲ್ಲಿ ಹಿಂದೂ ಮಹಾಗಣಪತಿ ಮೆರವಣಿಗೆಗೆ ಎಷ್ಟು ಜನ ಸೇರ್ತಾರೆ ಅಂತ ನಿಂಗೂ ಗೊತ್ತು, ಅಲ್ಲಿ ಹಾಕಿದ್ರೆ ಹೆಸರು ಬರುತ್ತೆ ನಿಜ, ಆದ್ರೆ ಕೊನೇ ವಾರದಲ್ಲಿ ಆದೇಶ ಬಂದ್ರೆ ಸಮಿತಿಯವರು ಅಡ್ವಾನ್ಸ್ ವಾಪಸ್ ಕೇಳ್ತಾರೆ, ನಿನ್ನ ಸಾಲದ ಕಂತಿಗೆ ಮಾತ್ರ ಯಾವ ಆದೇಶನೂ ಇರಲ್ಲ. ಅದೂ ಅಲ್ದೆ ಶಬ್ದ ಮಾಲಿನ್ಯದ ರೂಲ್ಸು 2000ದಿಂದಲೇ ಇದೆ. ಮೈಕಿಗೆ ಲಿಖಿತ ಪರ್ಮಿಷನ್ ಬೇಕು, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹೊರಗಡೆ ಹಾಕಂಗಿಲ್ಲ, ಜಾಗದ ಗಡಿಯಲ್ಲಿ 75 ಡೆಸಿಬಲ್ ದಾಟಂಗಿಲ್ಲ, ವಸತಿ ಏರಿಯಾ ಆದ್ರೆ ಇನ್ನೂ ಕಮ್ಮಿ. ನಾಲ್ಕು ಡಬಲ್ ಬಾಸ್ ಇಟ್ಕೊಂಡು 75ರಲ್ಲಿ ಹಾಕ್ತೀಯಾ? ಪೊಲೀಸ್ರು ಮೀಟರ್ ಹಿಡಿದು ನಿಂತ್ರೆ ಮೊದಲನೇ ಹಾಡಿಗೇ ಕೇಸು.

ಗಾಡಿಗೆ ವೆಲ್ಡಿಂಗ್ ಮಾಡ್ಸಿ ಬಾಸ್ ಜೋಡಿಸೋದು ಬೇರೆ ತಲೆನೋವು. ಮೋಟಾರು ವಾಹನ ಕಾಯ್ದೆ 1988, ಸೆಕ್ಷನ್ 52, ಆರ್‌ಸಿಯಲ್ಲಿ ಇರೋದಕ್ಕಿಂತ ಬೇರೆ ಥರ ಗಾಡಿ ಬದಲಾಯಿಸಂಗಿಲ್ಲ. ಸೀಜ್ ಆದ್ರೆ ಗಾಡಿ ಸ್ಟೇಷನ್ ಮುಂದೆ ಮಳೇಲಿ ನೆನೀತಾ ನಿಂತಿರುತ್ತೆ, ಸ್ಪೀಕರಿನ ಕೋನ್ ಪೇಪರ್ರು ಅಲ್ಲೇ ಉಬ್ಬುತ್ತೆ.

ವ್ಯಾಟ್ ಲೆಕ್ಕ ಒಂದು ಹೇಳ್ತೀನಿ, ಇದನ್ನ ಅಂಗಡಿಯೋರು ಹೇಳಲ್ಲ. 1000 ವ್ಯಾಟ್ ಇದ್ದಿದ್ದು 2000 ಮಾಡಿದ್ರೆ ಸಿಗೋದು 3 ಡೆಸಿಬಲ್ ಅಷ್ಟೇ. ಕಿವಿಗೆ ಎರಡು ಪಟ್ಟು ಜೋರು ಅನ್ಸಬೇಕಂದ್ರೆ ಸುಮಾರು 10 ಡೆಸಿಬಲ್ ಬೇಕು, ಅಂದ್ರೆ ವ್ಯಾಟು ಹತ್ತು ಪಟ್ಟು. ಬಯಲಲ್ಲಿ ದೂರ ಎರಡು ಪಟ್ಟಾದಂಗೆಲ್ಲ 6 ಡೆಸಿಬಲ್ ಇಳಿಯುತ್ತೆ. ಅದಕ್ಕೇ ಜಾತ್ರೇಲಿ ಎಷ್ಟು ಪೆಟ್ಟಿಗೆ ಪೇರಿಸಿದ್ರೂ ಸಾಲ್ದು ಅನ್ನೋದು.

ನಂಗನ್ಸೋದು ಇದು: ಎರಡು 15 ಇಂಚಿನ ಒಳ್ಳೆ ಪವರ್ಡ್ ಟಾಪ್, 18 ಇಂಚಿನ ಪವರ್ಡ್ ಸಬ್ (ಬಾಸಿಗೆ ಅಂತಾನೇ ಇರೋ ಒಂಟಿ ಸ್ಪೀಕರ್ ಪೆಟ್ಟಿಗೆ) ಒಂದು, ಸಣ್ಣ ಮಿಕ್ಸರ್, ಎರಡು ಕಾರ್ಡ್‌ಲೆಸ್ ಮೈಕು, ನಾಲ್ಕು ಎಲ್‌ಇಡಿ ಪಾರ್ ಲೈಟು. ಟಾಟಾ ಏಸಲ್ಲಿ ಹಾಕ್ಕೊಂಡು ಒಬ್ಬ ಹುಡುಗನ್ನ ಕರ್ಕೊಂಡು ಹೋಗೋ ಅಷ್ಟಿರ್ಲಿ. ದೊಡ್ಡ ಆರ್ಡರ್ ಬಂದ್ರೆ ಬಾಸು, ಶಾರ್ಪಿ (ತಿರುಗೋ ಬೀಮ್ ಲೈಟು), ಟ್ರಸ್ಸು (ಲೈಟ್ ಕಟ್ಟೋ ಕಂಬಿ ಚೌಕಟ್ಟು), ಜನರೇಟರ್ ಎಲ್ಲ ಬಾಡಿಗೆಗೆ ತಗೋ. ಬಾಡಿಗೆ ಪೆಟ್ಟಿಗೆಗೆ ಇಡೀ ವರ್ಷ ಗೋಡೌನ್ ಬಾಡಿಗೆ ಕಟ್ಟೋ ಪಾಡು ನಿಂದಲ್ಲ.

ಹರಿಹರ_ಬಾಸ್_ಬಾಯ್ಸ್:
ದುರ್ಗದ ಅಣ್ಣ ಹೇಳಿದ್ದು ಅರ್ಧ ಸರಿ. ಎಲ್ರೂ ಬಾಡಿಗೆಗೆ ತಗೊಳ್ಳಿ ಅಂದ್ರೆ ಬಾಡಿಗೆಗೆ ಕೊಡೋರು ಯಾರ್ರೀ? ನಮ್ದು ಬಾಸ್ ಐತೆ, ಸೀಸನ್‌ನಲ್ಲಿ ಮನೇಲಿ ನಿಲ್ಲಲ್ಲ. ನಾವು ಡಿಜೆ ಹೊಡೆಯೋದೇ ಕಮ್ಮಿ, ಪೆಟ್ಟಿಗೆ ಕೊಡ್ತೀವಿ, ಜೊತೆಗೆ ನಮ್ಮ ಹುಡುಗ ಒಬ್ಬ ಹೋಗ್ತಾನೆ, ಅಷ್ಟೇ. ಗಣಪತಿ ಒಂದೇನಾ, ಊರ ಹಬ್ಬ, ಜಾತ್ರೆ, ನಾಟಕ, ಆರ್ಕೆಸ್ಟ್ರಾ, ರಾಜಕೀಯದೋರ ಸಭೆ ಎಲ್ಲ ಇದಾವೆ. ಒಂದು ಮಾತು ಮಾತ್ರ ಒಪ್ತೀನಿ, ಸೆಕೆಂಡ್ ಹ್ಯಾಂಡ್ ಬಾಸ್ ಡಬ್ಬ ಬಿಚ್ಚಿಸದೆ ತಗೋಬೇಡಿ. ಹೊರಗೆ ಹೊಸ ಜಾಲರಿ ಹಾಕಿ ಪೇಂಟ್ ಹೊಡೆದಿರ್ತಾರೆ, ಒಳಗೆ ಸುಟ್ಟ ಕಾಯಿಲ್ ಮತ್ತೆ ಸುತ್ತಿಸಿರ್ತಾರೆ. ಕೋನನ್ನ ಎರಡೂ ಕೈಲಿ ಸಮ ಒತ್ತಿ ನೋಡಿ, ಕರಕರ ಅಂತ ಉಜ್ಜಿದ್ರೆ ಬಿಟ್ಟು ಬನ್ನಿ. ಎರಡು 8 ಓಮ್ ಸ್ಪೀಕರ್ ಪ್ಯಾರಲಲ್ ಮಾಡಿದ್ರೆ 4 ಓಮ್, ನಾಲ್ಕು ಮಾಡಿದ್ರೆ 2 ಓಮ್, ನಿಮ್ಮ ಆಂಪ್ಲಿಫೈಯರ್ 2 ಓಮ್ ತಡೆಯುತ್ತಾ ಅಂತ ಹಿಂದೆ ಬರೆದಿರೋದು ಓದಿ. ಇದನ್ನ ನೋಡದೆ ಮೆರವಣಿಗೆ ಮಧ್ಯ ಆಂಪು ಹೊಗೆ ಬಿಟ್ಟಿದ್ದು ನಮ್ ಕಡೆ ಬೇಕಾದಷ್ಟು.

ದುರ್ಗದ_ಸೌಂಡು:
ನೀನು ಹೇಳ್ತಿರೋದು ಬಾಡಿಗೆ ವ್ಯಾಪಾರ ಕಣಪ್ಪ, ಅದಕ್ಕೆ ಗೋಡೌನು, ಗಾಡಿ, ಹಮಾಲಿ ಹುಡುಗ್ರು ಎಲ್ಲ ಬೇಕು. ಈ ಹುಡುಗ ಆಪರೇಟರ್, ಇವನ ಬಂಡವಾಳ ಇರೋದು ಹಾಡು ಹಾಕೋ ಕೈಲಿ. ಅದನ್ನ ಬಿಟ್ಟು ಪೆಟ್ಟಿಗೆ ಕಾಯ್ಕೊಂಡು ಕೂತ್ರೆ ಏನ್ ಬಂತು. ಆಂಪು ವಿಷ್ಯದಲ್ಲಿ ಇನ್ನೊಂದು ಸೇರಿಸ್ತೀನಿ, ಸಣ್ಣ ಆಂಪನ್ನ ಕೆಂಪು ಲೈಟ್ ಹತ್ತೋವರೆಗೂ ಒತ್ತಿದ್ರೆ ಮೊದಲು ಹೋಗೋದು ಟಾಪಿನ ಡಯಾಫ್ರಾಮ್ (ಕೀಚು ಸೌಂಡ್ ಕೊಡೋ ತೆಳು ಪದರ), ಬಾಸ್ ಅಲ್ಲ. ಗೇನ್ (ಒಳಗೆ ಬರೋ ಸೌಂಡಿನ ಮಟ್ಟ) ತಗ್ಗಿಸಿ ಹಾಕೋದು ಕಲಿ, ಡಿಜೆ ಮಿಕ್ಸರಲ್ಲೇ ಕೆಂಪು ಬಂದ್ರೆ ಮುಂದೆ ಸೌಂಡ್ ಮಿತಿ ದಾಟದಂಗೆ ತಡೆಯೋ ಯಾವ ಲಿಮಿಟರ್ ಇಟ್ರೂ ಒಡೆದ ಸೌಂಡ್ ಸರಿ ಆಗಲ್ಲ.

ಚಳ್ಳಕೆರೆ_ಮಿಕ್ಸ್:
ಸಾಮಾನಿನ ಗಲಾಟೆ ನೀವು ಮಾಡ್ಕೊಳ್ಳಿ, ನಾನು ಹಾಡಿನ ವಿಷ್ಯ ಹೇಳ್ತೀನಿ, ಯಾಕಂದ್ರೆ ರಿಪೀಟ್ ಆರ್ಡರ್ ಬರೋದು ಅದ್ರಿಂದ. ನಮ್ಮ ಎರಡು ಜಿಲ್ಲೇಲಿ ಒಂದೇ ಪ್ಲೇಲಿಸ್ಟ್ ಎಲ್ಲ ಕಡೆ ನಡೆಯಲ್ಲ ಬ್ರೋ. ಚಳ್ಳಕೆರೆ ಮೊಳಕಾಲ್ಮೂರು ಕಡೆ ಬಂದ್ರೆ ಆಂಧ್ರ ಪಕ್ಕದಲ್ಲೇ ಇರೋದು, ತೆಲುಗು ಮಾಸ್ ಹಾಡು ಇಲ್ದೆ ಹುಡುಗ್ರು ಕುಣಿಯಲ್ಲ. ತಾಂಡಾದ ಮದ್ವೆ ಆದ್ರೆ ಲಂಬಾಣಿ ಹಾಡು ಬೇಕೇ ಬೇಕು, ಅದೂ ಒಂದೋ ಎರಡೋ ಅಲ್ಲ, ಒಂದು ಗಂಟೆಗಾಗೋ ಅಷ್ಟು ಇಟ್ಕೊಂಡಿರಬೇಕು. ಹರಪನಹಳ್ಳಿ ಕಡೆ ದಾಟಿದ್ರೆ ಉತ್ತರ ಕರ್ನಾಟಕದ ಜಾನಪದ ಡಿಜೆ. ದಾವಣಗೆರೆ ಸಿಟಿ, ಎಂಸಿಸಿ ಬಿ ಬ್ಲಾಕು ವಿದ್ಯಾನಗರದ ಹಳದಿ ಫಂಕ್ಷನ್ ಆದ್ರೆ ಹಿಂದಿ ಪಂಜಾಬಿ ಕೇಳ್ತಾರೆ, ಆದ್ರೆ ಅಲ್ಲೂ ಊಟದ ಟೈಮಲ್ಲಿ ಅಣ್ಣಾವ್ರ ಹಾಡು ಹಾಕಿದ್ರೆ ದುಡ್ಡು ಕೊಡೋ ಯಜಮಾನ್ರು ನಿಮ್ಮ ಕಡೆ ತಿರುಗಿ ನೋಡ್ತಾರೆ. ನೆನಪಿಟ್ಕೊಳ್ಳಿ, ಕುಣಿಯೋರು ಬೇರೆ, ಬಿಲ್ ಕೊಡೋರು ಬೇರೆ.

ಇನ್ನೊಂದು, ಸಿಂಕ್ ಬಟನ್ (ಎರಡು ಹಾಡಿನ ವೇಗ ತಾನೇ ಹೊಂದಿಸೋದು) ನಂಬ್ಕೊಂಡು ಹಳೇ ಹಾಡು ಮಿಕ್ಸ್ ಮಾಡಕ್ಕೆ ಹೋಗ್ಬೇಡಿ. 70, 80ರ ದಶಕದ ಹಾಡೆಲ್ಲ ವಾದ್ಯದವರು ಕೂತು ನುಡಿಸಿದ್ದು, ಟೆಂಪೋ ಒಂದೇ ಥರ ಇರಲ್ಲ, ಚರಣಕ್ಕೆ ಬಂದಾಗ ಚೂರು ಓಡುತ್ತೆ. ಸಾಫ್ಟ್‌ವೇರ್ ಹಾಕಿದ ಗ್ರಿಡ್ (ಬೀಟಿನ ಗುರುತು) ಅರ್ಧಕ್ಕೇ ಜಾರಿರುತ್ತೆ. ತಮಟೆ ಏಟಿನ ಹಾಡು ತುಂಬ 6/8 ತಾಳದಲ್ಲಿ ಇರ್ತಾವೆ, ಅದನ್ನ 4/4 ಹಾಡಿನ ಮೇಲೆ ಕೂರಿಸಿದ್ರೆ ಕುದುರೆಗೆ ಎತ್ತಿನ ನೊಗ ಕಟ್ಟಿದಂಗೆ. ಪಲ್ಲವಿ ಮುಗಿಯೋ ಕಡೆ ಕಟ್ ಮಾಡಿ, ಒಂದು ಎಕೋ ಬಿಟ್ಟು ಮುಂದಿನದು ಬಿಡಿ, ಯಾರೂ ಬೈಯಲ್ಲ.

ಯೂಟ್ಯೂಬಿಂದ ಇಳಿಸಿದ 128 ಕೆಬಿಪಿಎಸ್ ಫೈಲು ಇಯರ್‌ಫೋನಲ್ಲಿ ಚೆನ್ನಾಗೇ ಕೇಳುತ್ತೆ, 18 ಇಂಚಿನ ಮುಂದೆ ನಿಂತಾಗ ಮರ್ಯಾದೆ ಹೋಗುತ್ತೆ. 320 ಇರ್ಲಿ, ಇಲ್ಲ ವೇವ್ (ಕುಗ್ಗಿಸದ ಫೈಲು). ಎಲ್ಲ ಒಂದು ಪೆನ್‌ಡ್ರೈವಲ್ಲೂ ಕಾಪಿ ಇರ್ಲಿ. ನೆಟ್ ನಂಬಬೇಡಿ, ಕಲ್ಯಾಣ ಮಂಟಪದ ಬೇಸ್‌ಮೆಂಟಲ್ಲಿ ಕಡ್ಡಿ ಬರಲ್ಲ.

ಮಂಟಪದ_ಮ್ಯಾನೇಜರ್:
ನಾನು ಡಿಜೆ ಅಲ್ಲ, ದಾವಣಗೆರೆಯ ಒಂದು ಕಲ್ಯಾಣ ಮಂಟಪದಲ್ಲಿ ಮ್ಯಾನೇಜರ್. ಆರತಕ್ಷತೆ ದಿನ ಬರೋ ಡಿಜೆ ಹುಡುಗ್ರನ್ನ ಈ ಕಡೆಯಿಂದ ನೋಡೋಳು, ಅದಕ್ಕೆ ಬರೀತಿದೀನಿ.

ನಮಗೆ ದೊಡ್ಡ ಕಾಟ ಅಂದ್ರೆ ಕರೆಂಟು. ಒಂದು 16 ಆಂಪ್ ಪ್ಲಗ್ಗು ಅಂದ್ರೆ ಹೆಚ್ಚುಕಮ್ಮಿ 3.6 ಕಿಲೋವ್ಯಾಟ್. ಅದೇ ಪ್ಲಗ್ಗಿಗೆ 1500 ವ್ಯಾಟಿನ ಸ್ಮೋಕ್ ಮಷಿನ್ನು, 230 ವ್ಯಾಟ್ ಬಲ್ಬಿನ ಶಾರ್ಪಿ ಆರು, ಅದರ ಮೇಲೆ ಸೌಂಡೂ ಸಿಗಿಸಿ ಎಂಸಿಬಿ ಬಿದ್ದಾಗ "ಮೇಡಂ ನಿಮ್ಮ ಮಂಟಪದಲ್ಲಿ ಕರೆಂಟ್ ಸರಿ ಇಲ್ಲ" ಅಂತಾರೆ. ಸೌಂಡಿಗೆ ಒಂದು ಫೇಸು (ಕರೆಂಟ್ ಲೈನು), ಲೈಟಿಗೆ ಇನ್ನೊಂದು, ನಮ್ಮ ಎಲೆಕ್ಟ್ರಿಷಿಯನ್ ಹತ್ರ ಕೇಳಿ ತಗೊಳ್ಳಿ. ಅರ್ಥಿಂಗ್ ಪಿನ್ ಕಿತ್ತು ಹಾಕೋರನ್ನ ನಾನು ಒಳಗೇ ಬಿಡಲ್ಲ, ಮೈಕ್ ಹಿಡಿಯೋದು ಮದುಮಗಳು. ಗುಂಯ್ ಅನ್ನೋ ಸೌಂಡ್ ಬಂದ್ರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ, ಆಗ ಸೌಂಡ್ ನಿಂತ್ರೆ ಡಿಐ ಬಾಕ್ಸ್ (ಆ ಗುಂಯ್ ಸದ್ದು ತಡೆಯೋ ಸಣ್ಣ ಡಬ್ಬಿ) ಒಂದು ತಗೊಳ್ಳಿ ಅಂತ ನಮ್ಮಲ್ಲಿಗೆ ಬರೋ ಹಳಬರೊಬ್ರು ಹೇಳ್ತಿರ್ತಾರೆ.

ರೇಟ್ ಬಗ್ಗೆ. ಗಂಟೆ ಲೆಕ್ಕ, ಟೈಮು, ಗಾಡಿ ಬಾಡಿಗೆ, ಹೆಚ್ಚುವರಿ ಗಂಟೆಗೆ ಎಷ್ಟು, ಜನರೇಟರ್ ಯಾರದ್ದು ಎಲ್ಲ ವಾಟ್ಸಾಪಲ್ಲಿ ಬರೆದು ಕಳಿಸಿ, "ಓಕೆ" ಅಂತ ಉತ್ತರ ತಗೊಳ್ಳಿ. ಅರ್ಧ ಅಡ್ವಾನ್ಸ್, ಉಳಿದಿದ್ದು ಊಟಕ್ಕೆ ಮುಂಚೆ. ಮದುವೆ ಮುಗಿದ ಮೇಲೆ ಹುಡುಗಿ ಕಡೆಯವರು ಹುಡುಗನ ಕಡೆ ಕೇಳಿ ಅಂತಾರೆ, ಅವರು ಇವರ ಕಡೆ ತೋರಿಸ್ತಾರೆ, ನೀವು ವೈರ್ ಸುತ್ತಿಕೊಂಡು ಮಧ್ಯ ನಿಂತಿರ್ತೀರ. ಆಷಾಢ, ಧನುರ್ಮಾಸ ಖಾಲಿ ಅಂತ ಮೊದಲೇ ಲೆಕ್ಕ ಹಾಕಿಟ್ಕೊಳ್ಳಿ. ಚನ್ನಗಿರಿ ಕಡೆಯ ಮದುವೆ ಎಷ್ಟು ಜೋರು ಅನ್ನೋದು ಅಡಿಕೆ ರೇಟಿನ ಮೇಲೆ, ಅದನ್ನೂ ನೋಡ್ತಿರಿ.

ಹಾಡಿನ ಲೈಸೆನ್ಸ್ ಕೇಳಿ ಯಾರಾದ್ರೂ ಹೆದರಿಸಿದ್ರೆ: ಕಾಪಿರೈಟ್ ಕಾಯ್ದೆ 1957ರ ಸೆಕ್ಷನ್ 52ರಲ್ಲಿ ಧಾರ್ಮಿಕ ಸಮಾರಂಭಕ್ಕೆ ವಿನಾಯಿತಿ ಇದೆ, ಮದುವೆ ಮೆರವಣಿಗೆ, ಮದುವೆಗೆ ಸಂಬಂಧಪಟ್ಟ ಸಂಭ್ರಮ ಅದರಲ್ಲೇ ಬರುತ್ತೆ ಅಂತ ಬರೆದಿದೆ. ಟಿಕೆಟ್ ಇಟ್ಟು ಮಾಡೋ ನ್ಯೂ ಇಯರ್ ಪಾರ್ಟಿ, ಕಂಪನಿ ಪ್ರೋಗ್ರಾಂ ಅದರಲ್ಲಿ ಬರಲ್ಲ, ಅಲ್ಲಿ ಲೈಸೆನ್ಸ್ ಯಾರು ತಗೊಳ್ಳೋದು ಅಂತ ಆಯೋಜಕರ ಹತ್ರ ಮೊದಲೇ ಮಾತಾಡಿ. ಜಿಎಸ್‌ಟಿ ಸೇವೆಗೆ ವರ್ಷಕ್ಕೆ 20 ಲಕ್ಷ ದಾಟಿದ್ರೆ, ಸದ್ಯಕ್ಕೆ ನಿಮಗೆ ಆ ಚಿಂತೆ ಇಲ್ಲ ಅನ್ಸುತ್ತೆ.

ಬೆಣ್ಣೆನಗ್ರಿ_ಬೀಟ್ಸ್:
ಎಲ್ಲರಿಗೂ ಥ್ಯಾಂಕ್ಸ್, ಇಷ್ಟು ಬರೀತೀರ ಅಂತ ಅಂದ್ಕೊಂಡಿರಲಿಲ್ಲ. ಹರಿಹರ ಅಣ್ಣ ಬೇಜಾರ್ ಮಾಡ್ಕೋಬೇಡಿ, ಟಾಪ್ ಮತ್ತೆ ಸಬ್ಬಿಗೇ ಹೋಗ್ತೀನಿ, ಬಾಸ್ ಬೇಕಾದಾಗ ನಿಮಗೇ ಫೋನ್ ಮಾಡ್ತೀನಿ. ಒಂದೇ ಡೌಟು, ಮುಂದೆ ಎರಡನೇ ಸಬ್ ತಗೊಂಡ್ರೆ ಸ್ಟೇಜಿನ ಎಡಕ್ಕೊಂದು ಬಲಕ್ಕೊಂದು ಇಡೋದಾ? ಕ್ರಾಸ್‌ಓವರ್ (ಎಷ್ಟು ಹರ್ಟ್ಸಿಂದ ಕೆಳಗಿನ ಸೌಂಡ್ ಸಬ್ಬಿಗೆ ಹೋಗ್ಬೇಕು ಅನ್ನೋದು) ಎಷ್ಟಕ್ಕೆ ಇಡ್ಲಿ?

ದುರ್ಗದ_ಸೌಂಡು:
ಎರಡೂ ಒಂದೇ ಕಡೆ ಒತ್ತಿ ಇಡು, ಗೋಡೆ ಪಕ್ಕ ಸಿಕ್ರೆ ಇನ್ನೂ ಒಳ್ಳೇದು, ಖರ್ಚಿಲ್ದೆ ಬಾಸ್ ಏರುತ್ತೆ. ಎಡ ಬಲ ಇಟ್ರೆ ನೋಡಕ್ಕೆ ಚಂದ, ಆದ್ರೆ ಹಾಲಲ್ಲಿ ಒಂದು ಜಾಗದಲ್ಲಿ ಎದೆ ಗುದ್ದುತ್ತೆ, ಎರಡು ಹೆಜ್ಜೆ ಪಕ್ಕಕ್ಕೆ ಹೋದ್ರೆ ಬಾಸೇ ಇರಲ್ಲ. ಕ್ರಾಸ್‌ಓವರ್ 100 ಹರ್ಟ್ಸಿಂದ ಶುರು ಮಾಡಿ ಕಿವಿ ಕೊಟ್ಟು ಆಚೆ ಈಚೆ ಮಾಡು, ಸಬ್ಬಿನ ಹಿಂದೆ ಇರೋ ಫೇಸ್ ಸ್ವಿಚ್ ಎರಡೂ ಕಡೆ ಹಾಕಿ ನೋಡು, ಯಾವುದರಲ್ಲಿ ಬಾಸ್ ತುಂಬಿ ಬರುತ್ತೋ ಅದರಲ್ಲಿ ಬಿಡು. ಸಾಮಾನು ತಗೊಳ್ಳಕ್ಕೆ ಬೆಂಗಳೂರು ಎಸ್‌ಪಿ ರೋಡಿಗೆ ಹೋಗ್ತೀಯ ಅಂದ್ರೆ ನಿನ್ನ ಲ್ಯಾಪ್‌ಟಾಪೂ ಪೆನ್‌ಡ್ರೈವೂ ತಗೊಂಡು ಹೋಗು, ಅಂಗಡಿಯೋನು ಹಾಕೋ ಡೆಮೋ ಹಾಡಲ್ಲಿ ಯಾವ ಸ್ಪೀಕರೂ ಚೆನ್ನಾಗೇ ಕೇಳುತ್ತೆ.

ಹರಿಹರ_ಬಾಸ್_ಬಾಯ್ಸ್:
ಬೇಜಾರ್ ಏನಿಲ್ಲ ತಮ್ಮ, ಫೋನ್ ಮಾಡು. ಗಣಪತಿ ಟೈಮಿಗೆ ಬೇಕಾದ್ರೆ ಎರಡು ತಿಂಗಳು ಮೊದಲೇ ಹೇಳು, ಆಮೇಲೆ ಕೇಳಿದ್ರೆ ಜಾಲರಿ ಕೂಡ ಸಿಗಲ್ಲ.