14ನೇ ತಾರೀಖಿನ ರಜೆ ಯಾರಿಗೆ?

‘ಮನೆ ಮಂದಿ’ ಗುಂಪು, 12 ಜನವರಿ 2026, ಸೋಮವಾರ

ಬೆಂಗಳೂರು ಚಿಕ್ಕಪ್ಪ (ಫಾರ್ವರ್ಡ್): ಜನವರಿ 14 ಮಾಜಿ ಸೈನಿಕರ ದಿನ. 1953ರಲ್ಲಿ ಇದೇ ದಿನ ಸೇನೆಯ ಮೊದಲ ಭಾರತೀಯ ಮುಖ್ಯಸ್ಥ, ನಮ್ಮ ಕೊಡಗಿನ ಕಾರ್ಯಪ್ಪನವರು ನಿವೃತ್ತರಾದರು. ಅಮೆರಿಕದಲ್ಲಿ ನವೆಂಬರ್ 11ಕ್ಕೆ ಇಡೀ ದೇಶಕ್ಕೆ ರಜೆ. ನಮ್ಮಲ್ಲಿ ಯಾಕಿಲ್ಲ? ಸಾರ್ವತ್ರಿಕ ರಜೆ ಘೋಷಿಸುವಂತೆ ಮನವಿಗೆ ಸಹಿ ಹಾಕಿ. ಯೋಧರಿಗೆ ನಮನ. ಹತ್ತು ಗುಂಪಿಗೆ ಕಳಿಸಿ.

ಬೆಂಗಳೂರು ಚಿಕ್ಕಪ್ಪ: ಎಲ್ಲರೂ ಸಹಿ ಹಾಕ್ರಪ್ಪ. ಮಿಲಿಟ್ರಿಯವರಿರೋ ಮನೆ ನಮ್ಮದು. ನಾವೇ ಹಾಕ್ದಿದ್ರೆ ಇನ್ಯಾರು ಹಾಕ್ತಾರೆ.

ಹಾಸನ ಅತ್ತೆ: ನಾನು ಹಾಕಿದೆ. ಮೊಮ್ಮಗಳ ಕೈಲೂ ಹಾಕಿಸಿದೆ.

ನಾನು: ಚಿಕ್ಕಪ್ಪ, ಬೇಜಾರು ಮಾಡ್ಕೋಬೇಡಿ, ನಾನು ಹಾಕಲ್ಲ. ಹೋದ ವರ್ಷ ಸಂಕ್ರಾಂತಿ 14ಕ್ಕೇ ಬಂದಿತ್ತು. ಇಡೀ ರಾಜ್ಯಕ್ಕೆ ರಜೆ. ಅಂದ್ರೆ ಈ ಮನವಿ ಕೇಳ್ತಿರೋದು ಆಗ್ಲೇ ಸಿಕ್ಕಿತ್ತು. ಗುಂಪಲ್ಲಿ ಅವತ್ತಿನ ಮೆಸೇಜಿನ ತನಕ ಮೇಲಕ್ಕೆ ತಳ್ಳಿ ನೋಡಿ. ಎಳ್ಳು ಬೆಲ್ಲ, ಸಕ್ಕರೆ ಅಚ್ಚು, ದನ ಕಿಚ್ಚು ಹಾಯಿಸಿದ ವಿಡಿಯೋ. ಮಿಲಿಟ್ರೀಲಿದ್ದ ದೊಡ್ಡಪ್ಪನಿಗೆ ಒಂದು ನಮಸ್ಕಾರ ಅಂತ ಒಬ್ಬರೂ ಹಾಕಿಲ್ಲ. ನಾನೂ ಹಾಕಿಲ್ಲ. ಈ ಸಲ ಹಬ್ಬ 15ಕ್ಕೆ, 14ಕ್ಕೆ ಶಾಲೆ ಇದೆ. ಪ್ರಾರ್ಥನೆ ಹೊತ್ತಲ್ಲಿ ಕಾರ್ಯಪ್ಪನವರ ಬಗ್ಗೆ ನಾನು ಹೇಳಬಹುದು. ರಜೆ ಕೊಟ್ರೆ ಯಾರಿಗೆ ಹೇಳ್ಲಿ?

ಬೆಂಗಳೂರು ಚಿಕ್ಕಪ್ಪ: ನೀನು ಹೇಳ್ತೀಯಮ್ಮ. ಎಲ್ಲ ಮೇಷ್ಟ್ರುಗಳೂ ಹೇಳ್ತಾರಾ? ಕ್ಯಾಲೆಂಡರ್‌ನಲ್ಲಿ ಕೆಂಪಗೆ ಬಂದ್ರೇ ಜನ ಇದೇನು ದಿನ ಅಂತ ಕೇಳೋದು. ವಾಲ್ಮೀಕಿ ಜಯಂತಿ, ಕನಕ ಜಯಂತಿ ರಜೆ ಆದ್ಮೇಲೆ ಎಷ್ಟು ಊರಲ್ಲಿ ಮೆರವಣಿಗೆ ಆಗುತ್ತೆ ನೋಡು. ನಮ್ಮ ಕೊಡಗಿನ ಸ್ಕ್ವಾಡ್ರನ್ ಲೀಡರ್ ದೇವಯ್ಯ 1965ರ ಯುದ್ಧದಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲೆ ದಾಳಿಗೆ ಹೋಗಿ ವಾಪಸ್ ಬರಲಿಲ್ಲ. ಮಹಾವೀರ ಚಕ್ರ ಕೊಟ್ಟಿದ್ದು 1988ರಲ್ಲಿ. 23 ವರ್ಷ! ತಾನಾಗೇ ಯಾರನ್ನೂ ಯಾರೂ ನೆನೆಯಲ್ಲ. ನೆನೆಯೋ ಹಾಗೆ ಮಾಡ್ಬೇಕು.

ಹಾಸನ ಅತ್ತೆ: ನಿಜ. ನಾವು ಓದೋವಾಗ ಡಿಸೆಂಬರ್ 7ಕ್ಕೆ ಧ್ವಜ ದಿನ ಅಂತ ಚಿಲ್ಲರೆ ಕಾಸು ಕೊಟ್ಟು ಪುಟ್ಟ ಬಾವುಟ ತಗೊಂಡು ಎದೆಗೆ ಚುಚ್ಚಿಕೊಳ್ತಿದ್ವಿ. ಕೆಂಪು, ಕಡು ನೀಲಿ, ತಿಳಿ ನೀಲಿ. ಮೂರು ಸೇನೆಗೆ ಮೂರು ಬಣ್ಣ. ಈಗಿನ ಮಕ್ಕಳಿಗೆ ಗೊತ್ತೇ ಇಲ್ಲ.

ನಾನು: ಅತ್ತೆ, ಅದು ರಜೆ ದಿನ ಆಗಿರಲಿಲ್ಲ ಅಲ್ವಾ? ಶಾಲೆ ಇತ್ತು, ಅದಕ್ಕೇ ನಿಮಗೆ ಇವತ್ತಿಗೂ ಬಣ್ಣ ನೆನಪಿದೆ.

ಪೀಣ್ಯ ಭಾವ: ನಂದೊಂದು ಮಾತು. ಕಾರ್ಖಾನೆಯವರಿಗೆ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಈ ಐದು ಕಡ್ಡಾಯ. ಅದರ ಮೇಲೆ ಹಬ್ಬದ್ದು ಒಂದಿಷ್ಟು. ಸರ್ಕಾರ ಇನ್ನೊಂದು ರಜೆ ಅಂದ್ರೆ ಅದು ಆಫೀಸು, ಶಾಲೆ, ಬ್ಯಾಂಕಿಗೆ. ನಮಗೆ ಶಿಫ್ಟ್ ಇದ್ದೇ ಇರುತ್ತೆ. ಸೆಕ್ಯೂರಿಟಿಯವರಿಗಂತೂ ಕೇಳೋದೇ ಬೇಡ.

ತಮ್ಮ (ಅಯೋವಾ, ಅಮೆರಿಕ): ಈಗ ಎದ್ದೆ. ಚಿಕ್ಕಪ್ಪ, ಇಲ್ಲೂ ಇಡೀ ದೇಶಕ್ಕೆ ರಜೆ ಇರಲ್ಲ. ಕೇಂದ್ರ ಸರ್ಕಾರದ ಕಚೇರಿ, ಅಂಚೆ, ಬಹಳಷ್ಟು ಬ್ಯಾಂಕ್ ಮುಚ್ಚಿರ್ತವೆ. ಅಂಗಡಿ ಎಲ್ಲ ತೆಗೆದಿರುತ್ತೆ, ದೊಡ್ಡ ಸೇಲ್ ಬೇರೆ. ನನಗೆ ಆಫೀಸ್ ಇತ್ತು. ಆದ್ರೆ ಒಂದು ವಿಷಯ ಓದಿದೆ. 1918ರಲ್ಲಿ ಮಹಾಯುದ್ಧ ನಿಂತ ದಿನ ಈ ನವೆಂಬರ್ 11. ವಾರಾಂತ್ಯಕ್ಕೆ ಸೇರಿಸಿ ಉದ್ದ ರಜೆ ಮಾಡೋಣ ಅಂತ 1971ರಿಂದ ಅದನ್ನ ಅಕ್ಟೋಬರ್ ಸೋಮವಾರಕ್ಕೆ ಎತ್ತಿ ಹಾಕಿದ್ರು. ಜನ ಒಪ್ಪಲಿಲ್ಲ. 1978ಕ್ಕೆ ಮತ್ತೆ 11ಕ್ಕೇ ತಂದ್ರು.

ಬೆಂಗಳೂರು ಚಿಕ್ಕಪ್ಪ: ನೋಡಿದ್ಯಾ, ಜನಕ್ಕೆ ದಿನದ ಬೆಲೆ ಗೊತ್ತಿತ್ತು. ರಜೆ ಇದ್ದಿದ್ದಕ್ಕೇ ಆ ದಿನಕ್ಕಾಗಿ ಹೋರಾಡಿದ್ರು.

ನಾನು: ದಿನಕ್ಕೆ ಬೆಲೆ ಕೊಡಬೇಡಿ ಅಂತ ನಾನೂ ಹೇಳ್ತಿಲ್ಲ ಚಿಕ್ಕಪ್ಪ. ಆದ್ರೆ ಆ ದಿನ ದೊಡ್ಡಪ್ಪ ಎಲ್ಲಿರ್ತಾರೆ? ಮಿಲಿಟ್ರಿಯಿಂದ ಬಂದಾಗಿನಿಂದ ಮೊದಲು ಬ್ಯಾಂಕ್ ಬಾಗಿಲು, ಈಗ ಅಪಾರ್ಟ್‌ಮೆಂಟ್ ಗೇಟು. ಆಗಸ್ಟ್ 15ಕ್ಕೆ ಬಾವುಟ ಕಟ್ಟೋಕೆ ಅವರನ್ನೇ ಕರೀತಾರೆ, ಹೂವು ಉದುರೋ ಹಾಗೆ ಮಡಚೋದು ಅಲ್ಲಿ ಅವರೊಬ್ಬರಿಗೇ ಬರೋದು. ಬಾವುಟ ಹಾರುತ್ತೆ, ಎಲ್ಲರೂ ಸಿಹಿ ತಿಂದು ಮನೆಗೆ ಹೋಗ್ತಾರೆ, ಅವರು ರಾತ್ರಿ ಎಂಟರ ತನಕ ಗೇಟಲ್ಲಿ. ಇನ್ನೊಂದು ರಜೆ ಅಂದ್ರೆ ಅವರಿಗೆ ಅಂಥದ್ದೇ ಇನ್ನೊಂದು ದಿನ. ಮಾಜಿ ಸೈನಿಕರಿಗೆ ಸರ್ಕಾರ ಕೊಡೋ ಜಮೀನಿಗೆ ಅರ್ಜಿ ಹಾಕಿ ಎಷ್ಟು ವರ್ಷ ಆಯ್ತು? ಕಚೇರಿಗೆ ಹೋದಾಗೆಲ್ಲ ನಾಳೆ ಬನ್ನಿ. ಆ ಕಚೇರಿಗೂ ಇನ್ನೊಂದು ರಜೆ ಸಿಗುತ್ತೆ.

ಬೆಂಗಳೂರು ಚಿಕ್ಕಪ್ಪ: ಜಮೀನಿಗೂ ರಜೆಗೂ ಯಾಕೆ ಗಂಟು ಹಾಕ್ತೀಯ? ಗೌರವ ಬೇರೆ, ಸವಲತ್ತು ಬೇರೆ. ನಮ್ಮ ಊರ ಕೆರೆ ಏರಿ ಮೇಲಿರೋ ವೀರಗಲ್ಲಿಗೆ ಇವತ್ತಿಗೂ ಕುಂಕುಮ ಇಡ್ತಾರೆ. ಅದು ಗೌರವ.

ನಾನು: ಆ ಕಲ್ಲನ್ನೇ ತಗೊಳ್ಳಿ. ಕಾಳಗದಲ್ಲಿ ಸತ್ತವನಿಗೆ ಕಲ್ಲು ನಿಲ್ಲಿಸಿ ಸುಮ್ಮನಾಗ್ತಿರಲಿಲ್ಲ ನಮ್ಮ ಹಿಂದಿನವರು. ಮನೆಯವರಿಗೆ ಭೂಮಿ ಬಿಡ್ತಿದ್ರು. ಅದಕ್ಕೆ ನೆತ್ತರುಗೊಡಗೆ ಅಂತಲೇ ಹೆಸರು. ಶಾಸನಗಳಲ್ಲಿ ಇಂಥ ದಾನಕ್ಕೆ ಕಲ್ನಾಡು, ಬಾಳ್ಗಳ್ಚು ಅಂತೆಲ್ಲ ಬರುತ್ತೆ. ಗೌರವ ಬೇರೆ, ಸವಲತ್ತು ಬೇರೆ ಅಂತ ಅವರು ನೋಡಲೇ ಇಲ್ಲ. ಕಲ್ಲು ಊರಿಗೆ ಕಾಣಲಿ, ಗದ್ದೆ ಹೆಂಡತಿ ಮಕ್ಕಳನ್ನ ಸಾಕಲಿ ಅಂತ ಎರಡನ್ನೂ ಕೊಟ್ರು. ಸಹಿ ಹಾಕು ಅಂದಾಗ ನನಗೆ ಸಂಕಟ ಆಗೋದು ಇದಕ್ಕೇ. ನಾವು ಕೊಡೋಕೆ ಹೊರಟಿರೋದು ನಮಗೇ ಸಿಗೋ ಒಂದು ದಿನ.

ಹಾಸನ ಅತ್ತೆ: ಅಣ್ಣ ಓದ್ತಿದ್ದಾನೆ, ನೀಲಿ ಗುರುತು ಬಂತು. ಅವನನ್ನೇ ಕೇಳಿ, ನೀವಿಬ್ಬರೂ ಕಿತ್ತಾಡೋದು ಬಿಟ್ಟು.

ದೊಡ್ಡಪ್ಪ (ವಾಯ್ಸ್ ಮೆಸೇಜು, ಅತ್ತಿಗೆ ಟೈಪ್ ಮಾಡಿದ್ದು): ಡ್ಯೂಟಿಲಿದ್ದೆ, ಈಗ ಕೇಳಿಸ್ಕೊಂಡೆ. ಪುಟ್ಟಿ, ರಜೆ ಬೇಡ ಅಂತ ನನ್ನ ಪರವಾಗಿ ಹೇಳಬೇಡ. ನನಗೆ ಬೇಕು. 2023ರಲ್ಲಿ ಜನವರಿ 15ರ ಆರ್ಮಿ ಡೇ ಪೆರೇಡು ದೆಹಲಿ ಬಿಟ್ಟು ಮೊದಲ ಸಲ ಬೆಂಗಳೂರಿಗೆ ಬಂತು. ನಮ್ಮ ಎಂ.ಇ.ಜಿ. (ಮದ್ರಾಸ್ ಎಂಜಿನಿಯರ್ ಗ್ರೂಪ್) ಸೆಂಟರಲ್ಲೇ, ನಾನು ರಿಕ್ರೂಟ್ ಆಗಿ ಬೂಟು ಸವೆಸಿದ ಜಾಗ. ನನ್ನ ಜೊತೆ ಕಾರ್ಗಿಲ್‌ನ ದ್ರಾಸ್ ಕಡೆ ನೆಲಬಾಂಬು ತೆಗೆದವರು ಇಬ್ಬರು ಬರ್ತೀನಿ ಅಂದಿದ್ರು. ತಿಂಗಳ ಮುಂಚೆ ಸೂಪರ್‌ವೈಸರ್‌ಗೆ ಹೇಳಿದ್ದೆ. ಆದ್ರೆ ಅವತ್ತು ಭಾನುವಾರ, ಮೇಲೆ ಸಂಕ್ರಾಂತಿ. ಎಲ್ಲರಿಗೂ ರಜೆ, ರಿಲೀವರ್ ಸಿಗಲಿಲ್ಲ. ಗೇಟಲ್ಲಿ ಕೂತು ಫೋನಲ್ಲಿ ನೋಡಿದೆ. ಮಧ್ಯೆ ಮಧ್ಯೆ ಡೆಲಿವರಿ ಹುಡುಗರು ಬರೋರು, ಎಂಟ್ರಿ ಬರೀಬೇಕು. ಮಾರ್ಚ್ ಪಾಸ್ಟ್ ಅರ್ಧ ತಪ್ಪಿ ಹೋಯ್ತು.

ಹಾಸನ ಅತ್ತೆ: ಅಣ್ಣ ಇದನ್ನ ನಮಗೆ ಹೇಳೇ ಇಲ್ವಲ್ಲ.

ತಮ್ಮ (ಅಯೋವಾ): ದೊಡ್ಡಪ್ಪ, ನಮ್ಮ ಈ ರಾಜ್ಯದಲ್ಲಿ ಅದಕ್ಕೆ ಕಾನೂನೇ ಇದೆ. ಆಫೀಸ್‌ನಲ್ಲಿ ಮಾಜಿ ಸೈನಿಕರೊಬ್ಬರಿದ್ದಾರೆ, ಅವರು ಹೇಳಿ ಗೊತ್ತಾಯ್ತು. ನವೆಂಬರ್ 11ಕ್ಕೆ ಖಾಸಗಿ ಕಂಪನಿಯವರೂ ಮಾಜಿ ಸೈನಿಕರಿಗೆ ರಜೆ ಕೊಡಬೇಕು. ತಿಂಗಳು ಮುಂಚೆ ತಿಳಿಸಬೇಕು ಅಷ್ಟೇ. ಸಂಬಳ ಕೊಡೋದು, ಹಿಡಿಯೋದು ಮಾತ್ರ ಮಾಲೀಕರ ಇಷ್ಟ.

ನಾನು: ಇದು ಸರಿ. ಇದಕ್ಕಾದ್ರೆ ನಾನು ಮೊದಲು ಸಹಿ ಹಾಕ್ತೀನಿ. ರಜೆ ಊರಿಗೆಲ್ಲ ಬೇಡ, ಅವರಿಗೆ ಸಿಗಲಿ.

ಬೆಂಗಳೂರು ಚಿಕ್ಕಪ್ಪ: ನನಗಿನ್ನೂ ಕೆಂಪು ಅಕ್ಷರ ಬೇಕು ಅನ್ಸುತ್ತೆ. ಅದನ್ನ ಬಿಡಲ್ಲ. ಆದ್ರೆ ಅಣ್ಣ ಗೇಟಲ್ಲಿ ಕೂತು ಪೆರೇಡ್ ನೋಡಿದ್ದು ಕೇಳಿ ಈಗಿರೋ ಮನವಿಗೆ ಇನ್ನೊಬ್ಬರ ಸಹಿ ಕೇಳೋಕೆ ಮನಸ್ಸಿಲ್ಲ. ನೀನೇ ಬರಿ, ಕಳಿಸೋದು ನಾನು.

ನಾನು: ಬರೆದೆ, ನೋಡಿ. “ಯೋಧರಿಗೆ ನಮನ. ಕಾವಲು, ಕಾರ್ಖಾನೆ ಮೊದಲಾದ ಖಾಸಗಿ ಕೆಲಸದಲ್ಲಿರುವ ಮಾಜಿ ಸೈನಿಕರಿಗೆ ಜನವರಿ 14 ಮತ್ತು 15ರಂದು ರಜೆ ನೀಡುವುದನ್ನು ರಾಜ್ಯ ಸರ್ಕಾರ ಕಡ್ಡಾಯ ಮಾಡಬೇಕು. ಅಂದು ಬದಲಿ ಸಿಬ್ಬಂದಿ ಒದಗಿಸುವುದು ಏಜೆನ್ಸಿಯ ಹೊಣೆ.”

ಪೀಣ್ಯ ಭಾವ: ಏಜೆನ್ಸಿ ಹೊಣೆ ಅಂದಿದ್ದು ಒಳ್ಳೇದಾಯ್ತು. ಇಲ್ಲಾಂದ್ರೆ ನೀನೇ ಬದಲಿ ಹುಡ್ಕೊಂಡು ಬಾ ಅಂತಾರೆ.

ದೊಡ್ಡಪ್ಪ: ಚೆನ್ನಾಗಿದೆ ಪುಟ್ಟಿ. ‘ಯೋಧರಿಗೆ ನಮನ’ ತೆಗಿ. ‘ಸಂಬಳ ಸಹಿತ’ ಸೇರಿಸು.